ಮಹಬೂಬ್ ಅಲಿ ಪಾಷಾ: ಒಂದು ಪ್ರಶ್ನೆಗಾಗಿ ಖಜಾನೆ ತೆರೆದ ನಿಜಾಮರು



ನೀವು ಎಂದಾದರೂ ಆಪರೇಶನ್ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಕಾದಿದ್ದೀರಾ? ಕೊಗನೊಳ್ಳಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕೊಲ್ಲಾಪುರ, ದಕ್ಷಿಣಕ್ಕೆ ಬಂದರೆ ಬೆಳಗಾವಿ. ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ಮೀರಜ್ ಹತ್ತಿರ. ಈ ಊರುಗಳ ಆಸ್ಪತ್ರೆಗಳಲ್ಲಿ ನಮ್ಮ ಗಡಿನಾಡಿನ ಎಷ್ಟೋ ಕುಟುಂಬಗಳು ಹೀಗೆ ಕಾದಿವೆ. ತಾಯಿಯ ಕೈಯಲ್ಲಿ ತಸ್ಬೀಹ್, ತಂದೆಯ ಜೇಬಿನಲ್ಲಿ ಸಾಲ ತಂದ ಹಣ, ಬಾಗಿಲಿನ ಮೇಲೆ ಉರಿಯುವ ಕೆಂಪು ದೀಪ. ಆ ಹೊತ್ತಿನಲ್ಲಿ ಬಾಯಿಂದ ಬರುವುದು ಪ್ರಾರ್ಥನೆ ಮಾತ್ರ.

ಆಪರೇಶನ್ ಮಾಡುವ ವೈದ್ಯರ ಹೆಸರನ್ನು ನೀವು ವಿಚಾರಿಸಿಯೇ ಬಂದಿರುತ್ತೀರಿ. ಅವರು ಎಲ್ಲಿ ಕಲಿತವರು, ಅವರ ಕೈಗುಣ ಹೇಗಿದೆ ಎಂದು ಹತ್ತು ಜನರಲ್ಲಿ ಕೇಳಿರುತ್ತೀರಿ. ಆದರೆ ರೋಗಿಯ ತಲೆಯ ಬಳಿ ಕುಳಿತು, ಮೂರ್ಛೆಯ ಮದ್ದು ಕೊಟ್ಟು, ಅವನ ಒಂದೊಂದು ಉಸಿರನ್ನೂ ಕಾಯುವ ಇನ್ನೊಬ್ಬ ವೈದ್ಯರಿದ್ದಾರಲ್ಲ, ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಮರಾಠಿ ನೆರೆಯವರು ಭೂಲ್ ಎನ್ನುವ, ಪುಸ್ತಕಗಳಲ್ಲಿ ಅರಿವಳಿಕೆ ಎಂದು ಬರೆಯುವ ಆ ಮದ್ದಿನ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಲಂಡನ್ನಿನಲ್ಲೂ ಅಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ, ನಮ್ಮ ದಖ್ಖನಿನಲ್ಲಿ. ಅದಕ್ಕೆ ಹಣ ಕೊಟ್ಟವರು ಒಬ್ಬ ಮುಸ್ಲಿಮ್ ಅರಸರು. ಅವರೇ ಹೈದರಾಬಾದಿನ ಆರನೆಯ ನಿಜಾಮ್, ಮೀರ್ ಮಹಬೂಬ್ ಅಲಿ ಖಾನ್.

ಎರಡೂವರೆ ವರ್ಷದ ಅರಸ

ಮಹಬೂಬ್ ಅಲಿ ಖಾನ್ ಅವರು 1866ರ ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಜನಿಸಿದರು. ತಂದೆ ಐದನೆಯ ನಿಜಾಮ್ ಅಫ್ಝಲುದ್ದೌಲಾ. 1869ರಲ್ಲಿ ತಂದೆ ತೀರಿಕೊಂಡಾಗ ಮಗುವಿಗೆ ಇನ್ನೂ ಎರಡೂವರೆ ವರ್ಷ. ತೊಟ್ಟಿಲು ಬಿಟ್ಟ ಮಗುವನ್ನು ಸಿಂಹಾಸನದ ಮೇಲೆ ಕೂರಿಸಲಾಯಿತು. ರಾಜ್ಯದ ಕಾರ್ಯಭಾರವನ್ನು ಪ್ರಖ್ಯಾತ ದಿವಾನ ಸಾಲಾರ್ ಜಂಗ್ ಅವರು ಅಮೀರೆ ಕಬೀರ್ ಜೊತೆಗೂಡಿ ನಡೆಸಿದರು. ಯತೀಮನಾಗಿ ಬೆಳೆದ ಆ ಬಾಲಕ 1884ರಲ್ಲಿ, ಹದಿನೇಳು ತುಂಬಿದಾಗ, ವೈಸ್‌ರಾಯ್ ಲಾರ್ಡ್ ರಿಪ್ಪನ್ ಅವರ ಸಮ್ಮುಖದಲ್ಲಿ ಪೂರ್ಣ ಅಧಿಕಾರ ವಹಿಸಿಕೊಂಡರು.

ಆ ರಾಜ್ಯ ನಮಗೆ ಪರಕೀಯವಲ್ಲ ಎಂಬುದನ್ನು ನೆನಪಿಡಿ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಳ್ಳಿಗಳು ಅದರಲ್ಲಿರಲಿಲ್ಲ ನಿಜ. ಆದರೆ ಕಲಬುರಗಿ, ಬೀದರ್, ರಾಯಚೂರುಗಳ ಕನ್ನಡಿಗರು 1948ರವರೆಗೆ ನಿಜಾಮರ ಪ್ರಜೆಗಳಾಗಿದ್ದರು. ಕಲಬುರಗಿಯ ಹಳಬರಿಗೆ ಗೊತ್ತಿರುವ ಎಂ.ಎಸ್.ಕೆ. ಮಿಲ್ಲಿನ ಮೊದಲ ಎರಡಕ್ಷರ ಮಹಬೂಬ್ ಶಾಹಿ ಎಂದೇ. 1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು ಇವರು ಬಾಲಕರಾಗಿದ್ದ ಕಾಲದಲ್ಲಿ.

ಜನರು ಅವರನ್ನು ಮಹಬೂಬ್ ಅಲಿ ಪಾಷಾ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಅವರ ಹೆಸರು ಹೇಳಿದರೆ ಹಾವಿನ ವಿಷ ಇಳಿಯುತ್ತದೆ ಎಂಬ ನಂಬಿಕೆಯೂ ಆ ನಾಡಿನಲ್ಲಿ ಹರಡಿತ್ತು. ಈ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಗುಣಪಡಿಸುವವನು ಅಲ್ಲಾಹನು ಮಾತ್ರ. ಯಾವ ಅರಸನ ಹೆಸರಿಗೂ ಆ ಶಕ್ತಿಯಿಲ್ಲ. ಆದರೆ ಇದೇ ಅರಸರು ರೋಗಿಗಳಿಗಾಗಿ ನಿಜವಾಗಿ ಮಾಡಿದ ಒಂದು ಕೆಲಸವಿದೆ. ಹಾವಿನ ಕತೆ ಎಲ್ಲರಿಗೂ ಗೊತ್ತು, ಈ ಕೆಲಸ ಕೆಲವರಿಗೆ ಮಾತ್ರ ಗೊತ್ತು. ನಾವು ಹೇಳಹೊರಟಿರುವುದು ಅದನ್ನೇ.

ನೋವು ಕಳೆದ ಮದ್ದು, ಜೀವ ತೆಗೆದ ಮದ್ದು

1846ಕ್ಕೆ ಮುಂಚೆ ಶಸ್ತ್ರಚಿಕಿತ್ಸೆ ಎಂದರೇನು ಎಂಬುದನ್ನು ಒಮ್ಮೆ ಊಹಿಸಿಕೊಳ್ಳಿ. ನಾಲ್ಕು ಜನ ರೋಗಿಯನ್ನು ಹಿಡಿದುಕೊಳ್ಳಬೇಕು. ಅವನ ಚೀರಾಟದ ನಡುವೆ ವೈದ್ಯನು ಆದಷ್ಟು ಬೇಗ ಕತ್ತರಿಸಿ ಮುಗಿಸಬೇಕು. ಆ ವರ್ಷ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಲಾಯಿತು. ಮರುವರ್ಷ, 1847ರ ನವೆಂಬರಿನಲ್ಲಿ, ಎಡಿನ್‌ಬರೋದ ಡಾ. ಜೇಮ್ಸ್ ಯಂಗ್ ಸಿಂಪ್ಸನ್ ಅವರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಬಟ್ಟೆಯ ಮೇಲೆ ಕೆಲವು ಹನಿ ಹಾಕಿ ಮೂಗಿನ ಬಳಿ ಹಿಡಿದರೆ ಸಾಕು, ರೋಗಿಗೆ ಪ್ರಜ್ಞೆ ತಪ್ಪುತ್ತಿತ್ತು. ಇದು ಅಲ್ಲಾಹನ ದೊಡ್ಡ ಅನುಗ್ರಹವೇ ಸರಿ.

ಆದರೆ ಮೂರು ತಿಂಗಳೂ ಆಗುವಷ್ಟರಲ್ಲಿ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಅವಳಿಗೆ ಆಗಬೇಕಾಗಿದ್ದುದು ಕಾಲ್ಬೆರಳಿನ ಉಗುರು ತೆಗೆಯುವ ಸಣ್ಣ ಚಿಕಿತ್ಸೆ. ಮುಂದೆ ಇಂಥ ಸಾವುಗಳು ಅಲ್ಲಲ್ಲಿ ನಡೆಯುತ್ತಲೇ ಹೋದವು. ಗಟ್ಟಿಮುಟ್ಟಾದ ಮನುಷ್ಯ ಮೇಜಿನ ಮೇಲೆ ಮಲಗುತ್ತಿದ್ದ, ಏಳುತ್ತಿರಲಿಲ್ಲ.

ಏಕೆ ಹೀಗಾಗುತ್ತದೆ? ಈ ಪ್ರಶ್ನೆಗೆ ವೈದ್ಯರು ಎರಡು ಪಂಗಡವಾದರು. ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸುತ್ತದೆ, ಆದ್ದರಿಂದ ನಾಡಿಯ ಮೇಲೆ ಬೆರಳಿಟ್ಟಿರಬೇಕು ಎಂದು ಲಂಡನ್ನಿನ ವೈದ್ಯರಲ್ಲಿ ಹೆಚ್ಚಿನವರು ಹೇಳಿದರು. ಇಲ್ಲ, ಅದು ಮೊದಲು ಉಸಿರನ್ನು ನಿಲ್ಲಿಸುತ್ತದೆ, ಹೃದಯ ನಿಲ್ಲುವುದು ಆಮೇಲೆ, ಆದ್ದರಿಂದ ಉಸಿರನ್ನು ಕಾದರೆ ಸಾಕು ಎಂದು ಎಡಿನ್‌ಬರೋದ ಸೈಮ್ ಎಂಬ ಶಸ್ತ್ರವೈದ್ಯರ ಶಿಷ್ಯರು ಹೇಳಿದರು. ಇದು ಬರಿಯ ವಾದದ ವಿಷಯವಲ್ಲ ಎಂಬುದು ನಿಮಗೆ ತಿಳಿಯುತ್ತದೆ. ವೈದ್ಯನ ಕಣ್ಣು ಎಲ್ಲಿರಬೇಕು ಎಂಬುದರ ಮೇಲೆ ರೋಗಿಯ ಪ್ರಾಣ ನಿಂತಿತ್ತು.

ಹೈದರಾಬಾದಿನ ಎರಡು ಆಯೋಗಗಳು

ಸೈಮ್ ಅವರ ಶಿಷ್ಯರಲ್ಲೊಬ್ಬರಾದ ಡಾ. ಎಡ್ವರ್ಡ್ ಲಾರಿ 1885ರ ಸುಮಾರಿಗೆ ಹೈದರಾಬಾದಿಗೆ ರೆಸಿಡೆನ್ಸಿಯ ಶಸ್ತ್ರವೈದ್ಯರಾಗಿ ಬಂದರು. ಅಫ್ಝಲ್‌ಗಂಜ್ ಆಸ್ಪತ್ರೆಯೂ, 1846ರಲ್ಲಿ ಸ್ಥಾಪನೆಯಾಗಿ ಉರ್ದುವಿನಲ್ಲಿ ವೈದ್ಯಶಾಸ್ತ್ರ ಕಲಿಸುತ್ತಿದ್ದ ಹೈದರಾಬಾದ್ ವೈದ್ಯ ಶಾಲೆಯೂ ಅವರ ಕೈಗೆ ಬಂದವು. ಉಸಿರನ್ನು ಕಾದರೆ ಸಾಕು ಎಂಬ ಗುರುವಿನ ಮಾತನ್ನು ಅವರು ಗಟ್ಟಿಯಾಗಿ ನಂಬಿದ್ದರು. 1888ರಲ್ಲಿ ನಿಜಾಮರ ಸರಕಾರದ ಬೆಂಬಲದಿಂದ ಮೊದಲ ಕ್ಲೋರೋಫಾರ್ಮ್ ಆಯೋಗ ನಡೆಯಿತು. ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರೇ ಮೊದಲು ನಿಲ್ಲುತ್ತದೆ ಎಂದು ತೀರ್ಮಾನಿಸಲಾಯಿತು.

ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಾದ ಲ್ಯಾನ್ಸೆಟ್ ಇದನ್ನು ಒಪ್ಪಲಿಲ್ಲ. ಯುರೋಪಿನಲ್ಲಿ ನಡೆದ ಪ್ರಯೋಗಗಳು ಬೇರೆಯೇ ಹೇಳುತ್ತವೆ ಎಂದಿತು.

ಇಂಥ ಸಂದರ್ಭದಲ್ಲಿ ಅರಸರು ಸಾಮಾನ್ಯವಾಗಿ ಏನು ಮಾಡುತ್ತಾರೆ? ತಮ್ಮ ವೈದ್ಯರ ಮಾತೇ ಸರಿ ಎಂದು ಹಠ ಹಿಡಿಯುತ್ತಾರೆ. ಇಲ್ಲವೇ ನಮಗೇಕೆ ಈ ಗೊಡವೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಇಪ್ಪತ್ತಮೂರು ವರ್ಷದ ಮಹಬೂಬ್ ಅಲಿ ಖಾನ್ ಎರಡನ್ನೂ ಮಾಡಲಿಲ್ಲ. ಆಕ್ಷೇಪಣೆ ಎತ್ತಿದ ಲ್ಯಾನ್ಸೆಟ್ ಪತ್ರಿಕೆಗೇ 1,000 ಪೌಂಡ್ ಕೊಡಿಸಿದರು. ತಮ್ಮ ಕಡೆಯಿಂದ ಯೋಗ್ಯನಾದ ಒಬ್ಬ ಪರಿಣತನನ್ನು ಆರಿಸಿ ಹೈದರಾಬಾದಿಗೆ ಕಳುಹಿಸಿ, ಅವನ ಕಣ್ಣೆದುರಿಗೇ ಪ್ರಯೋಗಗಳು ಮತ್ತೆ ನಡೆಯಲಿ ಎಂಬುದು ಅದರ ಷರತ್ತು. ಆಗ ದಿವಾನರಾಗಿದ್ದವರು ಸರ್ ಆಸ್ಮಾನ್ ಜಾಹ್. ಇದರಲ್ಲಿರುವ ನ್ಯಾಯವನ್ನು ಗಮನಿಸಿ. ಸಾಕ್ಷಿಯನ್ನು ಆರಿಸುವ ಅಧಿಕಾರವನ್ನು ಎದುರಾಳಿಗೇ ಕೊಟ್ಟು, ಅವನ ದಾರಿ ಖರ್ಚನ್ನೂ ತಾವೇ ಹೊತ್ತರು. ತನ್ನ ವಿರುದ್ಧ ಹೋದರೂ ಸರಿ, ಸತ್ಯ ತಿಳಿಯಬೇಕು ಎಂಬ ಮನಸ್ಸಿಲ್ಲದವನಿಗೆ ಇದು ಸಾಧ್ಯವಿಲ್ಲ. ಸ್ವಂತಕ್ಕೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕೆಂಬ ಕುರ್‌ಆನಿನ ಆಜ್ಞೆಯನ್ನು ನಾವು ಎಷ್ಟೋ ಸಲ ಓದಿದ್ದೇವೆ. ಮನೆಯ ಜಗಳದಲ್ಲಿ, ಹೊಲದ ಗಡಿಯ ತಕರಾರಿನಲ್ಲಿ ಎದುರಿನವನು ಆರಿಸಿದ ಸಾಕ್ಷಿಯನ್ನು ಒಪ್ಪಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ ಹೇಳಿ.

ಲ್ಯಾನ್ಸೆಟ್ ಆರಿಸಿ ಕಳುಹಿಸಿದ್ದು ಡಾ. ಲಾಡರ್ ಬ್ರಂಟನ್ ಅವರನ್ನು. ಔಷಧಗಳ ಗುಣದೋಷ ತಿಳಿದವರಲ್ಲಿ ಅಂದು ಅಗ್ರಗಣ್ಯರು, ಹೃದಯಕ್ಕೆ ಅಪಾಯವಿದೆ ಎಂದು ನಂಬಿದವರು. 1889ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಎರಡನೆಯ ಆಯೋಗದ ಕೆಲಸ ನಡೆಯಿತು. ಲಾರಿ ಅಧ್ಯಕ್ಷರು, ಡಾ. ಬೋಮ್‌ಫೋರ್ಡ್ ಮತ್ತು ಡಾ. ರುಸ್ತುಂಜಿ ಹಕೀಮ್ ಇತರ ಸದಸ್ಯರು. ನಾಯಿ, ಕೋತಿ, ಆಡು, ಬೆಕ್ಕು, ಮೊಲ, ಕುದುರೆ ಹೀಗೆ 400ಕ್ಕೂ ಹೆಚ್ಚು ಪ್ರಾಣಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು, ಯಾವುದು ಮೊದಲು ನಿಲ್ಲುತ್ತದೆ ಎಂದು ನೋಡಿದರು. ರಕ್ತದ ಒತ್ತಡವನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಬರೆಯುವ ಯಂತ್ರವನ್ನೂ ಬಳಸಿದರು. ಕೊನೆಗೆ ಬ್ರಂಟನ್ ಅವರೇ ತಮ್ಮ ಅಭಿಪ್ರಾಯ ಬದಲಿಸಿ, ಅಪಾಯವಿರುವುದು ಉಸಿರು ಕಟ್ಟುವುದರಲ್ಲಿ ಮತ್ತು ಮದ್ದು ಹೆಚ್ಚಾಗುವುದರಲ್ಲಿ, ಹೃದಯಕ್ಕೆ ನೇರವಾದ ಅಪಾಯವಿಲ್ಲ ಎಂದು ಲಂಡನ್ನಿಗೆ ತಂತಿ ಕಳುಹಿಸಿದರು.

ಆ ಮೂಕ ಪ್ರಾಣಿಗಳ ವಿಷಯ ಓದಿದಾಗ ಮನಸ್ಸಿಗೆ ನೋವಾಗುತ್ತದೆ. ಬಾಯಾರಿದ ನಾಯಿಗೆ ನೀರು ಕುಡಿಸಿದವರಿಗೆ ಕ್ಷಮೆ ದೊರೆತ ವಿಷಯವನ್ನೂ, ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದವಳಿಗೆ ಶಿಕ್ಷೆಯಾದ ವಿಷಯವನ್ನೂ ನಮಗೆ ಕಲಿಸಿದವರು ಪ್ರವಾದಿ(ಸ). ಅಗತ್ಯಕ್ಕಿಂತ ಒಂದು ಜೀವ ಹೆಚ್ಚು ಹೋದರೂ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಭಯ ವಿದ್ವಾಂಸನಿಗೂ ಇರಬೇಕು.

ಈ ಆಯೋಗದ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಯುವತಿಯೂ ಇದ್ದರು. ಹೈದರಾಬಾದ್ ವೈದ್ಯ ಶಾಲೆಗೆ 1885ರಲ್ಲಿ ಸೇರಿದ ಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ಮುಂದೆ ಅವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ವೈದ್ಯೆಯಾಗಿ ದುಡಿದರು. 1909ರಲ್ಲಿ ಎಡಿನ್‌ಬರೋಗೂ ಹೋಗಿ ಓದಿದರು. ಜಗತ್ತಿನಲ್ಲೇ ಈ ವೃತ್ತಿ ಹಿಡಿದ ಮೊದಲ ಮಹಿಳೆಯರಲ್ಲಿ ಅವರನ್ನು ಎಣಿಸುತ್ತಾರೆ. ಹೆಣ್ಣುಮಕ್ಕಳ ಓದನ್ನು ಹತ್ತನೆಯ ತರಗತಿಗೇ ನಿಲ್ಲಿಸುವ ತಂದೆತಾಯಿಯರು ಈ ಹೆಸರನ್ನು ನೆನಪಿಡಬೇಕು. ನಮ್ಮ ತಾಯಂದಿರ ಹೆರಿಗೆಯ ಮೇಜಿನ ಬಳಿ ವೈದ್ಯೆಯೇ ಬೇಕು ಎಂದು ಕೇಳುವವರು, ಯಾರ ಮಗಳು ಓದಿ ವೈದ್ಯೆಯಾಗಬೇಕು ಎಂದೂ ಯೋಚಿಸಬೇಕಲ್ಲವೇ?

ತೀರ್ಪು ತಪ್ಪಾದಾಗ

ಕತೆ ಇಲ್ಲಿಗೇ ಮುಗಿದಿದ್ದರೆ ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ಹೈದರಾಬಾದಿನ ತೀರ್ಪಿನಲ್ಲಿ ಒಂದು ದೊಡ್ಡ ತಪ್ಪಿತ್ತು.

1893ರಲ್ಲಿ ಇಂಗ್ಲೆಂಡಿನ ಗ್ಯಾಸ್ಕೆಲ್ ಮತ್ತು ಶೋರ್ ಎಂಬ ವಿಜ್ಞಾನಿಗಳು ಕ್ಲೋರೋಫಾರ್ಮ್ ಹೃದಯದ ಮೇಲೆ ನೇರವಾಗಿ ಕೆಲಸ ಮಾಡುತ್ತದೆ ಎಂದು ತೋರಿಸಿದರು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯರು ಇನ್ನೂ ಸ್ಪಷ್ಟವಾದ ಉತ್ತರ ಕೊಟ್ಟರು. ಮದ್ದು ಹೆಚ್ಚಾಗಿ ಸಾಯುವಾಗ ಉಸಿರು ಮೊದಲು ನಿಲ್ಲುತ್ತದೆ, ಅದು ನಿಜ. ಆದರೆ ಮದ್ದು ಇನ್ನೂ ಸ್ವಲ್ಪವೇ ಏರಿರುವಾಗ, ರೋಗಿ ಹೆದರಿ ಒದ್ದಾಡುತ್ತಿರುವಾಗ, ಹೃದಯವು ಲಯ ತಪ್ಪಿ ಬರಿದೇ ಅದುರತೊಡಗಿ ಒಮ್ಮೆಲೇ ನಿಂತುಬಿಡಬಹುದು. ಹ್ಯಾನಾ ಗ್ರೀನರ್‌ಳಂತಹ ಎಷ್ಟೋ ಜನರ ಸಾವಿಗೆ ಇದು ಕಾರಣವಾಗಿರಬಹುದು. ಹೈದರಾಬಾದಿನಲ್ಲಿ ಆಳವಾದ ಮೂರ್ಛೆಯನ್ನೇ ಹೆಚ್ಚಾಗಿ ಪರೀಕ್ಷಿಸಿದ್ದರು. ಮೊದಲ ನಿಮಿಷಗಳ ಆ ಅಪಾಯ ಅವರ ಕಣ್ಣಿಗೆ ಬೀಳಲಿಲ್ಲ. ಉತ್ತರ ತಮಗೆ ಮೊದಲೇ ಗೊತ್ತಿದೆ ಎಂದುಕೊಂಡು ಹುಡುಕುವವನಿಗೆ ಹೀಗಾಗುವ ಅಪಾಯ ಯಾವಾಗಲೂ ಇದೆ. ಲಾರಿ ಅವರಂತೂ ತಮ್ಮ ತೀರ್ಮಾನವನ್ನು ಕೊನೆಯವರೆಗೂ ಸಡಿಲಿಸಲಿಲ್ಲ. ನಾಡಿ ನೋಡುವ ಅಗತ್ಯವಿಲ್ಲ ಎಂಬ ಧೈರ್ಯವನ್ನು ಆ ತೀರ್ಪು ಹಲವು ವೈದ್ಯರಿಗೆ ಕೊಟ್ಟಿತು.

ಹಾಗಾದರೆ ನಿಜಾಮರ ಹಣ ವ್ಯರ್ಥವಾಯಿತೇ? ಇಲ್ಲ. ಉಸಿರಿನ ದಾರಿ ತೆರೆದಿರಲಿ, ಎದೆ ಏಳುವುದನ್ನೂ ಇಳಿಯುವುದನ್ನೂ ಒಂದು ಕ್ಷಣವೂ ಬಿಡದೆ ನೋಡಿ ಎಂಬ ಅವರ ಪಾಠ ಇಂದಿಗೂ ನಿಂತಿದೆ. ತಪ್ಪಾದ ಭಾಗವನ್ನು ಬೇರೆಯವರು ತಿದ್ದಲು ಸಾಧ್ಯವಾದದ್ದು, ಅವರು ಏನು ಮಾಡಿದರು, ಏನು ಕಂಡರು ಎಂಬುದನ್ನೆಲ್ಲ ಬರೆದು ಅಚ್ಚು ಹಾಕಿಸಿದ್ದರಿಂದ. ಪರಿಶ್ರಮಪಟ್ಟು ತೀರ್ಪು ಕೊಟ್ಟವನು ಸರಿಯಾದರೆ ಎರಡು ಪ್ರತಿಫಲ, ತಪ್ಪಿದರೆ ಒಂದು ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಆದರೆ ವೈದ್ಯ ತಿಳಿಯದವನು ವೈದ್ಯ ಮಾಡಿದರೆ ನಷ್ಟಕ್ಕೆ ಅವನೇ ಹೊಣೆ ಎಂದು ಎಚ್ಚರಿಸಿದವರೂ ಅವರೇ. ಈ ಎರಡು ಮಾತುಗಳನ್ನು ಜೊತೆಗಿಟ್ಟು ನೋಡಿ. ಅರಿತು ಶ್ರಮಿಸಿ ಎಡವಿದವನಿಗೆ ಕರುಣೆಯಿದೆ, ಅರಿಯದೆ ಕೈಹಾಕಿದವನಿಗೆ ಹೊಣೆಯಿದೆ. ಸತ್ಯ ತಿಳಿದ ಮೇಲೂ ಹಠ ಹಿಡಿಯಲು ಮಾತ್ರ ಯಾರಿಗೂ ಅನುಮತಿಯಿಲ್ಲ.

ಈ ಪ್ರಾಮಾಣಿಕತೆ ಮುಸ್ಲಿಮ್ ವೈದ್ಯರ ಹಳೆಯ ಆಸ್ತಿ. ಹತ್ತನೆಯ ಶತಮಾನದ ಕೊನೆಯಲ್ಲಿ ಕೊರ್ಡೊವಾದ ಅಬುಲ್ ಕಾಸಿಮ್ ಅಲ್ ಝಹ್ರಾವಿ ಅವರು ಅತ್ತಸ್ರೀಫ್ ಎಂಬ 30 ಭಾಗಗಳ ಗ್ರಂಥ ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಒಂದು ಘಟನೆ ಬರುತ್ತದೆ. ಒಬ್ಬನ ಪಾದ ಕೊಳೆಯತೊಡಗಿತು, ಅವನೇ ಅದನ್ನು ಕತ್ತರಿಸಿಕೊಂಡು ಬದುಕಿದ. ಆಮೇಲೆ ಕೈಗೆ ಅದೇ ರೋಗ ಬಂದಾಗ ಝಹ್ರಾವಿಯವರ ಬಳಿ ಬಂದು ಕೈ ಕತ್ತರಿಸಲು ಕೇಳಿಕೊಂಡ. ಅವನ ಶಕ್ತಿ ಕುಂದಿದೆ, ಕತ್ತರಿಸಿದರೆ ಸಾಯುತ್ತಾನೆ ಎಂದು ಹೆದರಿ ಅವರು ಒಪ್ಪಲಿಲ್ಲ. ಅವನು ಊರಿಗೆ ಹೋಗಿ ಕೈಯನ್ನೂ ತಾನೇ ಕತ್ತರಿಸಿಕೊಂಡು ಗುಣವಾದ. ತಮ್ಮ ಲೆಕ್ಕ ತಪ್ಪಿದ ಈ ಘಟನೆಯನ್ನು ಅಷ್ಟು ದೊಡ್ಡ ವೈದ್ಯರು ಮುಚ್ಚಿಡಲಿಲ್ಲ. ಮುಂದೆ ಇಂಥ ರೋಗಿಯನ್ನು ಕಾಣುವವರಿಗೆ ನೆರವಾಗಲೆಂದು ಬರೆದಿಟ್ಟರು.

ಕೊನೆಯ ದಿನಗಳು

ಮಹಬೂಬ್ ಅಲಿ ಖಾನ್ ಅವರನ್ನು ಎಲ್ಲದರಲ್ಲೂ ಮಾದರಿಯೆಂದು ನಾವು ಹೇಳುವುದಿಲ್ಲ. ಅರಮನೆಯ ವೈಭೋಗ, ಬೇಟೆ, ಉಡುಗೆ ತೊಡುಗೆಗಳ ಆಡಂಬರ ಅವರಲ್ಲೂ ಇದ್ದವು. 1891ರಲ್ಲಿ ಜೇಕಬ್ ವಜ್ರದ ಖರೀದಿ ಕಲ್ಕತ್ತೆಯ ಕೋರ್ಟಿನವರೆಗೂ ಹೋಯಿತು. ಆ ವಜ್ರ ಅವರ ಮರಣದ ನಂತರ ಅವರದೇ ಪಾದರಕ್ಷೆಯೊಳಗೆ ಮಗನಿಗೆ ಸಿಕ್ಕಿತೆಂದು ಹೇಳುತ್ತಾರೆ. ಲಕ್ಷಗಟ್ಟಲೆ ಬೆಲೆಯ ವಜ್ರ ಯಾವ ರೋಗಿಗೂ ಒಂದು ಉಸಿರು ಕೊಡಲಿಲ್ಲ. ಅದರ ಮುಂದೆ ತೀರಾ ಸಣ್ಣ ಮೊತ್ತವಾದ ಆ 1,000 ಪೌಂಡಿನ ಕೆಲಸ ಇನ್ನೂ ವೈದ್ಯರ ಪುಸ್ತಕಗಳಲ್ಲಿದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಝಲ್‌ಗಂಜ್ ಆಸ್ಪತ್ರೆಯೂ ನೀರಿಗೆ ಸಿಕ್ಕಿತು. ಅದರ ಆವರಣದ ಹುಣಸೆ ಮರವನ್ನು ಹತ್ತಿ 150ರಷ್ಟು ಜನ ಜೀವ ಉಳಿಸಿಕೊಂಡರು. ನಿಜಾಮರು ಮನೆ ಕಳೆದುಕೊಂಡವರಿಗೆ ಅರಮನೆಯ ಬಾಗಿಲು ತೆರೆದರು. ಇಂಥ ಪ್ರವಾಹ ಮರುಕಳಿಸದಂತೆ ಮಾಡಲು 1909ರಲ್ಲಿ ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಇಲ್ಲಿಯೂ ಅದೇ ಗುಣ ಕಾಣುತ್ತದೆ. ಆಪತ್ತು ಬಂದಾಗ ಅತ್ತು ಕೂರದೆ, ಕಾರಣವೇನು ಎಂದು ಬಲ್ಲವರನ್ನು ಕೇಳಿದರು. ಬಲ್ಲವನು ಯಾವ ಧರ್ಮದವನು, ಯಾವ ನಾಡಿನವನು ಎಂದು ನೋಡಲಿಲ್ಲ.

1911ರ ಆಗಸ್ಟ್ 29ರಂದು, 45ನೆಯ ವಯಸ್ಸಿನಲ್ಲಿ, ಅವರು ಇಹಲೋಕ ತ್ಯಜಿಸಿದರು. ಲೆವಿಯವರ ಸಂಶೋಧನೆ ಪ್ರಕಟವಾದದ್ದೂ ಅದೇ ವರ್ಷ. ಮಕ್ಕಾ ಮಸೀದಿಯ ಆವರಣದಲ್ಲಿ ಅವರ ಗೋರಿಯಿದೆ. ಅಲ್ಲಾಹನು ಅವರ ತಪ್ಪುಗಳನ್ನು ಕ್ಷಮಿಸಲಿ, ಒಳಿತನ್ನು ಸ್ವೀಕರಿಸಲಿ.

ನಮ್ಮ ಪಾಲಿನ ಅಮಾನತ್ತು

ಇಂದು ಕ್ಲೋರೋಫಾರ್ಮ್ ಆಸ್ಪತ್ರೆಗಳಿಂದ ಮರೆಯಾಗಿದೆ. ಉಸಿರೋ ನಾಡಿಯೋ ಎಂಬ ಜಗಳವೂ ಇಲ್ಲ. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ನಾಡಿಯನ್ನೂ ರಕ್ತದಲ್ಲಿರುವ ಆಮ್ಲಜನಕವನ್ನೂ ಒಟ್ಟಿಗೇ ತೋರಿಸುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಸ್ತ್ರಚಿಕಿತ್ಸೆಗೆ ಮುಂಚೆ ಗಟ್ಟಿಯಾಗಿ ಓದಿ ಒಪ್ಪಿಸಬೇಕಾದ ಒಂದು ಪಟ್ಟಿ ಮಾಡಿತು. ರೋಗಿ ಇವನೇ ತಾನೇ, ಚಿಕಿತ್ಸೆ ಯಾವ ಭಾಗಕ್ಕೆ, ಯಾವ ಮದ್ದು ಇವನಿಗೆ ಒಗ್ಗುವುದಿಲ್ಲ ಎಂಬಂಥ ಸರಳ ಪ್ರಶ್ನೆಗಳು. ದಿಲ್ಲಿ, ಅಮ್ಮಾನ್, ಲಂಡನ್ ಮೊದಲಾದ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವುಗಳು ಶೇಕಡಾ 1.5ರಿಂದ 0.8ಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಕೇಳುವುದು, ನಿಜ ಹೇಳುವುದು, ಇಷ್ಟೇ.

ಆ ನಿಜ ಹೇಳುವ ಪಾಲು ನಿಮ್ಮದೂ ಹೌದು. ಅರಿವಳಿಕೆ ವೈದ್ಯರು ರೋಗಿಗೆ ಇಂತಿಷ್ಟು ಗಂಟೆ ಏನೂ ತಿನ್ನಿಸಬೇಡಿ ಎಂದಾಗ, ಮಗು ಅಳುತ್ತದೆ ಎಂದು ಅಜ್ಜಿ ಸೆರಗಿನ ಮರೆಯಲ್ಲಿ ಬಿಸ್ಕತ್ತು ಕೊಡುವುದುಂಟು. ಅದು ಕರುಣೆಯಲ್ಲ. ಮೂರ್ಛೆಯಲ್ಲಿ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಮಗುವಿನ ಪ್ರಾಣಕ್ಕೇ ಸಂಚಕಾರ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ಸೇದುವವರೂ ಇದ್ದಾರೆ. ಮಗನ ಮುಂದೆ ನಾಚಿಕೊಂಡು ವೈದ್ಯರಿಗೆ ಬೀಡಿಯ ವಿಷಯ ಮುಚ್ಚಿಡಬೇಡಿ. ಸೇದುವವನ ಶ್ವಾಸಕೋಶ ಮೂರ್ಛೆಯಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚೆಯೇ ಬಿಟ್ಟುಬಿಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ದಮ್ಮು, ತೆಗೆದುಕೊಳ್ಳುತ್ತಿರುವ ಮಾತ್ರೆ, ನಾಟಿ ಔಷಧ, ಅಲ್ಲಾಡುವ ಹಲ್ಲು, ಹಿಂದೆ ಮೂರ್ಛೆಯ ಮದ್ದಿನಿಂದ ಆದ ತೊಂದರೆ, ಎಲ್ಲವನ್ನೂ ಹೇಳಿ. ದೇಹವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಅದರ ವಿಷಯದಲ್ಲಿ ಸುಳ್ಳು ಹೇಳುವುದು ಅಮಾನತ್ತಿನಲ್ಲಿ ವಂಚನೆಯಾಗುತ್ತದೆ.

ಇನ್ನು ಅರಿವಳಿಕೆ ಕೊಡುವವರು ಯಾರು, ಕೊನೆಯವರೆಗೂ ಬಳಿಯಲ್ಲಿರುತ್ತಾರೆಯೇ ಎಂದು ವಿನಯದಿಂದ ಕೇಳಿ. ಕೇಳುವುದು ಅವಿಶ್ವಾಸವಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿತವರು ನಾವು. ಕೇಳಬೇಕಾದುದನ್ನು ಕೇಳಿ, ಹೇಳಬೇಕಾದುದನ್ನು ಹೇಳಿ, ಆಮೇಲೆ ಆ ಬೆಂಚಿನ ಮೇಲೆ ಕುಳಿತು ತಸ್ಬೀಹ್ ಕೈಗೆತ್ತಿಕೊಳ್ಳಿ. ಒಳಗೆ ಒಬ್ಬರು ನಿಮ್ಮವರ ಉಸಿರನ್ನೂ ನಾಡಿಯನ್ನೂ ಕಾಯುತ್ತಿರುತ್ತಾರೆ. ನಿಮ್ಮ ಪ್ರಾರ್ಥನೆಯಲ್ಲಿ ಅವರಿಗೂ ಒಂದು ಪಾಲಿರಲಿ.

ಕಾಯಿಲೆಯಲ್ಲಿರುವ ಎಲ್ಲರಿಗೂ ಅಲ್ಲಾಹನು ಪೂರ್ಣ ಆರೋಗ್ಯ ದಯಪಾಲಿಸಲಿ. ಆಮೀನ್.